ಕ್ಯಾಟಲಿಸ್ಟಿನ ಆಯಸ್ಸು ಅಂಗಳದಲ್ಲೇ ಗೊತ್ತಾಗುತ್ತದೆ

ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರು ಕೇಳುವ ಮೊದಲ ಪ್ರಶ್ನೆ, "ಯಾವ ಕ್ಯಾಟಲಿಸ್ಟ್ ಹಾಕ್ತೀರಿ ಮೇಡಂ?" ಕ್ಯಾಟಲಿಸ್ಟ್ ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವ ವಸ್ತು. ಹುಬ್ಬಳ್ಳಿಯ ತಾರಿಹಾಳದ ಒಂದು ಸಣ್ಣ ಪೈಲಟ್ ಘಟಕದಲ್ಲಿ ನಾನು ಕೆಮಿಸ್ಟ್. ಕಟ್ಟಿಗೆ ಹೊಟ್ಟಿನಿಂದ ಬಯೋ ಆಯಿಲ್ ತೆಗೆಯುವುದು ನಮ್ಮ ಕೆಲಸ. ಅವರ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ನಾನು ಅವರನ್ನು ಹಿಂದಿನ ಅಂಗಳಕ್ಕೆ ಕರೆದೊಯ್ದು, ಕಟ್ಟಿಗೆ ಅಡ್ಡೆಯಿಂದ ಬಂದ ಹೊಟ್ಟಿನ ರಾಶಿಯಲ್ಲಿ ಕೈ ಹಾಕಿಸುತ್ತೇನೆ. ತೊಗಟೆ ಎಷ್ಟಿದೆ, ಮಣ್ಣು ಎಷ್ಟಿದೆ, ಹಸಿ ಎಷ್ಟಿದೆ, ಮೊದಲು ಅದನ್ನು ನೋಡಲಿ.

ಕೆಲಸದ ತಿರುಳು ಹೇಳಲು ಸುಲಭ. ಗಾಳಿ ಸೋಕದಂತೆ ಹೊಟ್ಟನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಥಟ್ಟನೆ ಕಾಯಿಸಬೇಕು, ಎದ್ದ ಆವಿಯನ್ನು ಎರಡು ಸೆಕೆಂಡಿನೊಳಗೆ ತಣಿಸಬೇಕು. ತಡವಾದರೆ ಎಣ್ಣೆಯಾಗಬೇಕಾದದ್ದು ಒಡೆದು ಗ್ಯಾಸ್ ಆಗಿ ಹೋಗುತ್ತದೆ. ಸರಿಯಾಗಿ ನಡೆದರೆ ಒಣ ಕಟ್ಟಿಗೆಯ ತೂಕದ ಶೇ. 60ರಿಂದ 75ರಷ್ಟು ದ್ರವವೇ ಸಿಗುತ್ತದೆ. ಉಳಿದದ್ದು ಇದ್ದಿಲು ಮತ್ತು ಗ್ಯಾಸ್.

ಆದರೆ ಆ ದ್ರವವನ್ನು ಡೀಸೆಲ್ ಜೊತೆ ಇಟ್ಟು ನೋಡಿದರೆ ಕಷ್ಟ ತಿಳಿಯುತ್ತದೆ. ಕಂದುಗಪ್ಪು ಬಣ್ಣ, ಮೂಗಿಗೆ ಹೊಡೆಯುವ ಹೊಗೆ ವಾಸನೆ. ಶೇ. 15ರಿಂದ 30 ನೀರು, ಶೇ. 35ರಿಂದ 40 ಆಮ್ಲಜನಕ. ಪಿಎಚ್ 2ರಿಂದ 3, ಅಂದರೆ ಆಮ್ಲದ ಗುಣ ಜಾಸ್ತಿ, ಹಾಗಾಗಿ ಸಾದಾ ಕಬ್ಬಿಣದ ಡ್ರಮ್ಮನ್ನು ತಿಂದುಹಾಕುತ್ತದೆ. ಡೀಸೆಲ್‌ನಲ್ಲಿ ಬೆರೆಯುವುದಿಲ್ಲ, ಅಷ್ಟೇ ತೂಕಕ್ಕೆ ಕೊಡುವ ಶಾಖವೂ ಅದರ ಅರ್ಧಕ್ಕಿಂತ ಕಡಿಮೆ. ಇಟ್ಟಷ್ಟೂ ಗಟ್ಟಿಯಾಗುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಬೇಗ. ಇದಕ್ಕೆಲ್ಲ ಮೂಲ ಆ ಆಮ್ಲಜನಕ. ಅದನ್ನು ತೆಗೆಯಲೆಂದೇ ಕ್ಯಾಟಲಿಸ್ಟ್.

ನಾವು ಬಳಸುವುದು ಜೆಡ್‌ಎಸ್‌ಎಂ-5 ಎಂಬ ಜಿಯೋಲೈಟ್, ಅಂದರೆ ಮೈತುಂಬ ಅತಿ ಸಣ್ಣ ರಂಧ್ರಗಳಿರುವ ಖನಿಜದಂಥ ವಸ್ತು. 1972ರಲ್ಲಿ ಮೊಬಿಲ್ ಕಂಪನಿಗೆ ಇದರ ಪೇಟೆಂಟ್ ಸಿಕ್ಕಿತು, ಪೆಟ್ರೋಲಿಯಂ ರಿಫೈನರಿಗಳಲ್ಲಿ ಈಗಲೂ ಬಳಕೆಯಲ್ಲಿದೆ. ಇದರೊಳಗಿನ ರಂಧ್ರಗಳ ಅಗಲ ಸುಮಾರು 0.55 ನ್ಯಾನೋಮೀಟರ್. ಅದರೊಳಗೆ ಹೊಕ್ಕ ಆವಿಯಿಂದ ಆಮ್ಲಜನಕವು ನೀರಾಗಿ, ಕಾರ್ಬನ್ ಮಾನಾಕ್ಸೈಡ್ ಆಗಿ, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಬೆಂಜೀನ್, ಟಾಲ್ವೀನ್, ಕ್ಸೈಲೀನ್‌ಗಳಂಥವು ಉಳಿಯುತ್ತವೆ. ಕಟ್ಟಿಗೆಯ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್‌ನ ದೊಡ್ಡ ಅಣುಗಳಿಗೆ ಆ ರಂಧ್ರ ಸಾಲದು. ಅವು ಬಾಗಿಲಲ್ಲೇ ಕೂತು ಕರಿ ಕಟ್ಟುತ್ತವೆ. ಅದನ್ನೇ ಕೋಕ್ ಅನ್ನುವುದು.

ಕೋಕ್ ಕಟ್ಟಿದ ಕ್ಯಾಟಲಿಸ್ಟ್ ಸತ್ತಿಲ್ಲ. ಗಾಳಿ ಬಿಟ್ಟು 550 ಡಿಗ್ರಿಯಲ್ಲಿ ಸುಟ್ಟರೆ ಇದ್ದಿಲಿನಂತಿದ್ದ ಕಾಳು ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಬೆಳ್ಳಗಾಗುತ್ತದೆ. ನಮ್ಮ ಹಿರಿಯ ಆಪರೇಟರ್‌ಗೆ ಎಲ್ಲರೂ ಕಾಕಾ ಅನ್ನುತ್ತೇವೆ. ಒಂದು ಸಂಜೆ ಅವರು ಫರ್ನೇಸಿನಿಂದ ತೆಗೆದ ತಟ್ಟೆ ತೋರಿಸಿ, "ನೋಡ್ರಿ ಮೇಡಂ, ಬೆಳ್ಳಗ ಆಗೇತಿ. ಆದ್ರ ಎಣ್ಣಿ ಮಾತ್ರ ಮತ್ತ ಹಳೇದರಂಗ ಬರಾಕತ್ತೇತಿ" ಅಂದರು. ಅವರು ಅಳತೆಯ ಯಂತ್ರಕ್ಕಿಂತ ಮುಂಚೆ ವಾಸನೆಯಿಂದಲೇ ಹಿಡಿದಿದ್ದರು. ಕೋಕ್ ಪೂರ್ತಿ ಹೋಗಿತ್ತು, ಶಕ್ತಿ ಮರಳಿರಲಿಲ್ಲ.

ಇಂಥ ಕಡೆ ಅನುಮಾನ ಪಡಬೇಕಾದದ್ದು ಪೊಟ್ಯಾಸಿಯಂ ಮೇಲೆ. ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಸಿಯಂ, ಸೋಡಿಯಂನಂಥ ಕ್ಷಾರ ಲೋಹಗಳು ಕ್ಯಾಟಲಿಸ್ಟಿನಲ್ಲಿ ಕ್ರಿಯೆ ನಡೆಯುವ ಆಮ್ಲ ತಾಣಗಳ ಮೇಲೆ ಕೂತುಬಿಟ್ಟರೆ ಎಷ್ಟು ಸುಟ್ಟರೂ ಏಳುವುದಿಲ್ಲ. ಬಣ್ಣ ನೋಡಿ ಕ್ಯಾಟಲಿಸ್ಟ್ ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಸಿಪ್ಪೆ ತೆಗೆದ ಕಟ್ಟಿಗೆಯಲ್ಲಿ ಬೂದಿ ಸಾಮಾನ್ಯವಾಗಿ ಶೇ. 1ರೊಳಗೆ ಇರುತ್ತದೆ, ತೊಗಟೆಯಲ್ಲಿ ಅದರ ಹಲವು ಪಟ್ಟು. ನಮಗೆ ಬರುವ ಹೊಟ್ಟಿನಲ್ಲಿ ನೀಲಗಿರಿ, ಅಕೇಶಿಯಾ, ಬಳ್ಳಾರಿ ಜಾಲಿ ಎಲ್ಲ ಕಲಸಿರುತ್ತವೆ, ಜೊತೆಗೆ ತೊಗಟೆ, ನೆಲ ಗುಡಿಸಿದಾಗ ಸೇರಿದ ಎರೆಮಣ್ಣು. ತೊಂದರೆ ರಿಯಾಕ್ಟರ್‌ನಲ್ಲಿ ಕಂಡರೂ ಅದು ಒಳಗೆ ಬಂದದ್ದು ಗೇಟಿನಿಂದ, ಲಾರಿಯಲ್ಲಿ.

ಹೀಗಾಗಿ ಕ್ಯಾಟಲಿಸ್ಟನ್ನು ಕಟ್ಟಿಗೆ ಪುಡಿಯಲ್ಲೇ ಬೆರೆಸುವ ಪದ್ಧತಿ ಬಿಟ್ಟು, ಬೇರೆ ಬೆಡ್‌ನಲ್ಲಿ ಇಟ್ಟು ಆವಿಯನ್ನಷ್ಟೇ ಅದರ ಮೂಲಕ ಹಾಯಿಸುತ್ತೇವೆ. ಪೊಟ್ಯಾಸಿಯಂನ ಹೆಚ್ಚಿನ ಪಾಲು ಇದ್ದಿಲಿನಲ್ಲೇ ಉಳಿಯುವುದರಿಂದ, ನಡುವೆ ಸೈಕ್ಲೋನ್ (ಆವಿಯನ್ನು ಸುತ್ತಿಸಿ ಪುಡಿ ಬೇರ್ಪಡಿಸುವ ಪಾತ್ರೆ) ಮತ್ತು ಬಿಸಿ ಫಿಲ್ಟರ್ ಇಟ್ಟು ಇದ್ದಿಲ ಪುಡಿಯನ್ನು ತಡೆದರೆ ಅರ್ಧ ಯುದ್ಧ ಗೆದ್ದಂತೆ. ಹೊಟ್ಟನ್ನು ಜರಡಿ ಹಿಡಿದು ತೊಗಟೆ ಬೇರೆ ಮಾಡುತ್ತೇವೆ. ನೀರಲ್ಲಿ ತೊಳೆದರೆ ಪೊಟ್ಯಾಸಿಯಂ ಸಾಕಷ್ಟು ಕರಗಿ ಹೋಗುತ್ತದೆ, ಆದರೆ ಮತ್ತೆ ತೇವ ಶೇ. 10ರೊಳಗೆ ಬರುವಂತೆ ಒಣಗಿಸಬೇಕು. ಬೇಸಿಗೆಯಲ್ಲಿ ಹಾಸುಗಲ್ಲಿನ ಮೇಲೆ ಹರವಿದರೆ ಬಿಸಿಲೇ ಮಾಡಿಕೊಡುತ್ತದೆ. ಧಾರವಾಡದ ಕಡೆಯಿಂದ ಮಳೆ ಹಿಡಿದರೆ ಡ್ರೈಯರ್ ಖರ್ಚು, ಆ ತಿಂಗಳುಗಳಲ್ಲಿ ತೊಳೆಯದಿರುವುದೇ ಲೇಸು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತನ್ನು ನಾನು ಯಾವ ಮೀಟಿಂಗಿನಲ್ಲೂ ಬಿಡದೆ ಹೇಳುತ್ತೇನೆ. ಕ್ಯಾಟಲಿಸ್ಟ್ ಹಾಕಿದರೆ ಎಣ್ಣೆ ಕಡಿಮೆ ಬರುತ್ತದೆ. ಆಮ್ಲಜನಕ ಹೋಗುವಾಗ ಇಂಗಾಲವನ್ನೂ ಜಲಜನಕವನ್ನೂ ಕರೆದುಕೊಂಡೇ ಹೋಗುತ್ತದೆ, ಎಣ್ಣೆಯ ಭಾಗ ಅರ್ಧಕ್ಕೂ ಕೆಳಗೆ ಇಳಿಯುವುದು ಸಾಮಾನ್ಯ. ಲೀಟರ್ ಲೆಕ್ಕ ಮಾತ್ರ ನೋಡುವವರು ಇದನ್ನು ನಷ್ಟ ಅಂತ ಬರೆಯುತ್ತಾರೆ. ಎಣ್ಣೆ, ನೀರು, ಇದ್ದಿಲು, ಗ್ಯಾಸ್, ಕೋಕ್ ಎಲ್ಲವನ್ನೂ ತೂಗಿ, ಎಣ್ಣೆಯಲ್ಲಿ ಉಳಿದ ಆಮ್ಲಜನಕವನ್ನು ಪಕ್ಕದಲ್ಲಿ ಬರೆದ ಮೇಲೆಯೇ ಆ ಲೆಕ್ಕಕ್ಕೆ ಅರ್ಥ.

ಹಾವೇರಿ, ಗದಗ ಕಡೆಯ ರೈತರು ಹತ್ತಿ ಕಟಗಿ ಕೊಡುತ್ತೇವೆ ಅನ್ನುತ್ತಿದ್ದಾರೆ. ಹೊಲದಲ್ಲಿ ಸುಡುವ ಬದಲು ನಾಲ್ಕು ಕಾಸು ಅವರ ಕೈಗೆ ಬಂದರೆ ನನಗೂ ಸಂತೋಷ. ಅದರಲ್ಲಿ ಬೂದಿ ಕಟ್ಟಿಗೆಗಿಂತ ಹೆಚ್ಚು. ಆದ್ದರಿಂದ ಮೊದಲ ಗಾಡಿ ಬಂದಾಗ ಮೊದಲು ಸ್ವಲ್ಪ ಸುಟ್ಟು ಅದರ ಬೂದಿ ತೂಗುತ್ತೇವೆ, ಆಮೇಲೆ ಕ್ಯಾಟಲಿಸ್ಟ್ ಇಲ್ಲದೆ ಓಡಿಸುತ್ತೇವೆ.