ಬುಲೆಟ್ಟಿನ ಎಣ್ಣೆ: ಮೂರು ಕುಡ್ತೆಯ ಲೆಕ್ಕ ಸಿಕ್ಕಿತು

ಎಣ್ಣೆ ಕಾಣೆಯಾಗುವುದು ಕೊನೆಗೂ ನಿಂತಿತು! ಒಂಬತ್ತು ದಿನ ಕಿಕ್ಕರ್ ಮುಟ್ಟದೆ ನಿಲ್ಲಿಸಿದ್ದ ದೊಡ್ಡಪ್ಪನ ಎನ್‌ಫೀಲ್ಡ್ ಬುಲೆಟ್ ಬೈಕಿನ ಡಿಪ್‌ಸ್ಟಿಕ್ಕನ್ನು, ಅಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು, ಇವತ್ತು ಬೆಳಗ್ಗೆ ಎಳೆದು ನೋಡಿದರೆ, ಎಣ್ಣೆ ಮೇಲಿನ ಗೆರೆಯಿಂದ ಒಂದು ಅಕ್ಕಿಕಾಳಿನಷ್ಟು ಮಾತ್ರ ಕೆಳಗಿದೆ. ದೊಡ್ಡಪ್ಪನನ್ನು ಚಾವಡಿಯಿಂದ ಕರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿದವರು, "ಹಾಗಾದರೆ ಇಷ್ಟು ದಿನ ಹೋಗುತ್ತಿದ್ದದ್ದು ಎಲ್ಲಿಗೆ ಮಾರಾಯ?" ಎಂದರು. ಅದನ್ನೇ ಇಲ್ಲಿ ಬರೆಯುತ್ತೇನೆ.

ಗಾಡಿ 1986ರದ್ದು, ಬೀಡು ಕಬ್ಬಿಣದ ಬ್ಯಾರಲ್ಲಿನ 350, ಬಲಗಾಲಿನ ಗೇರು. ದೊಡ್ಡಪ್ಪ ಅದರಲ್ಲೇ ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಕುಂಬಳೆ, ಮಂಗಳೂರು ಎಂದು ಅಡಿಕೆ ವ್ಯವಹಾರಕ್ಕೆ ಓಡಾಡಿದವರು. ಕ್ಲಚ್ ಪ್ಲೇಟ್, ಪಾಯಿಂಟ್, ವಯರಿಂಗ್ ಎಲ್ಲ ಮಳೆಗಾಲಕ್ಕೆ ಮೊದಲೇ ಮುಗಿದಿತ್ತು. ಅವುಗಳಲ್ಲಿ ಹೇಳುವಂಥದ್ದು ಏನೂ ಇಲ್ಲ. ತಲೆ ತಿಂದದ್ದು ಎಣ್ಣೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಾಡಿ ಮೂರು ವಾರ ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಂತಿತ್ತು. ಒಂದು ದಿನ ಹೊಳವಾಯಿತು, ಹೊರಡೋಣ ಎಂದು ಡಿಪ್‌ಸ್ಟಿಕ್ ತೆಗೆದರೆ ತುದಿ ಒಣಗಿತ್ತು. ಎಂಜಿನ್ ಕೆಳಗೆ ಹಾಸಿದ್ದ ಅಡಿಕೆ ಹಾಳೆಯಲ್ಲಿ ಬಿದ್ದದ್ದು ನಾಲ್ಕೈದು ಹನಿ, ಅಷ್ಟೇ. ಅರ್ಧ ಲೀಟರಿಗಿಂತ ಹೆಚ್ಚು ಸುರಿದು ಗೆರೆಗೆ ತಂದು ಹೊರಟೆ. ಸೀತಾಂಗೋಳಿ ದಾಟುವಷ್ಟರಲ್ಲಿ ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪು ಎಣ್ಣೆ ಉಗುಳತೊಡಗಿತು. ನಿಲ್ಲಿಸಿ ನೋಡಿದರೆ ಚೈನ್ ಕವರಿನಿಂದ ಹಿಂದಿನ ಟೈರಿನವರೆಗೆ ಕಪ್ಪಗೆ ಮಿನುಗುತ್ತಿದೆ. ಒದ್ದೆ ರಸ್ತೆ, ತಿರುವು, ಟೈರಿನಲ್ಲಿ ಎಣ್ಣೆ. ಆ ಹೊತ್ತಿನ ಹೆದರಿಕೆ ಇನ್ನೂ ಹೋಗಿಲ್ಲ. ಮನೆಗೆ ತಳ್ಳಿಕೊಂಡು ಬಂದೆ.

ಹಳೆಯ ಬುಲೆಟ್ ಇರುವವರಿಗೆ ವಿಷಯ ಇಷ್ಟರಲ್ಲೇ ಹೊಳೆದಿರಬಹುದು. ಈ ಎಂಜಿನ್ ಹೆಸರಿಗೆ ಡ್ರೈ ಸಂಪ್, ಅಂದರೆ ಎಣ್ಣೆ ಕ್ರ್ಯಾಂಕಿನ ಅಡಿಯಲ್ಲಿ ನಿಲ್ಲದೆ ಬೇರೆ ಟ್ಯಾಂಕಿನಲ್ಲಿರುವಂಥದ್ದು. ಆದರೆ ಎಣ್ಣೆಯ ಟ್ಯಾಂಕು ಹೊರಗೆ ಬೇರೆ ಇಲ್ಲ. ಕ್ರ್ಯಾಂಕ್‌ಕೇಸಿನ ಎರಕದಲ್ಲೇ, ಒಂದು ಗೋಡೆಯ ಆಚೆ ಇದೆ. ಡಿಪ್‌ಸ್ಟಿಕ್ ತೋರಿಸುವುದು ಆ ಟ್ಯಾಂಕಿನ ಮಟ್ಟವನ್ನು ಮಾತ್ರ. ಒಂದು ಪಂಪು ಟ್ಯಾಂಕಿನಿಂದ ಬಿಗ್ ಎಂಡಿಗೆ (ಕ್ರ್ಯಾಂಕಿಗೆ ಕನೆಕ್ಟಿಂಗ್ ರಾಡ್ ಸೇರುವ ಬೇರಿಂಗಿಗೆ) ಎಣ್ಣೆ ಕಳಿಸುತ್ತದೆ, ಇನ್ನೊಂದು ಕೆಳಗೆ ಇಳಿದದ್ದನ್ನು ಎತ್ತಿ ಮೇಲೆ ವಾಲ್ವ್ ಒತ್ತುವ ರಾಕರ್‌ಗಳಿಗೂ ಟ್ಯಾಂಕಿಗೂ ಹಿಂದಿರುಗಿಸುತ್ತದೆ. ಕಳಿಸುವ ಪಂಪಿನ ಡಿಸ್ಕು, ಅಂದರೆ ಎಣ್ಣೆಯ ದಾರಿ ತೆರೆದು ಮುಚ್ಚುವ ಬಿಲ್ಲೆ, ಸರಿಯಾಗಿ ಕೂರದಿದ್ದರೆ, ಗಾಡಿ ನಿಂತಿರುವಾಗ ಟ್ಯಾಂಕಿನ ಎಣ್ಣೆ ಅದರ ಸಂದಿನಿಂದ ಮೆಲ್ಲನೆ ಕ್ರ್ಯಾಂಕಿನ ಕಡೆಗೆ ಜಾರುತ್ತದೆ. ಎಣ್ಣೆ ಎಂಜಿನ್ನಿನೊಳಗೇ ಇದೆ, ಡಿಪ್‌ಸ್ಟಿಕ್ಕಿಗೆ ಎಟುಕದ ಕಡೆ ಇದೆ. ಅದರ ಮೇಲೆ ಮತ್ತೆ ಸುರಿದರೆ ಚಾಲೂ ಮಾಡಿದಾಗ ಹೆಚ್ಚಾದದ್ದು ಹೊರಗೆ ಬರಲೇಬೇಕು.

ಊಹೆ ಸಾಲದು, ಅಳೆಯಬೇಕೆನಿಸಿತು. ಮೊದಲು ಸುರಿದದ್ದನ್ನೆಲ್ಲ ಇಳಿಸಿ, ಹೊಸ ಎಣ್ಣೆ ತುಂಬಿ, ಹತ್ತು ಕಿಲೋಮೀಟರ್ ಓಡಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಎರಡು ನಿಮಿಷ ಬಿಟ್ಟು ಮಟ್ಟ ಸರಿಮಾಡಿದೆ. ಮೇಲಿನ ಗೆರೆ. ಮರುದಿನ ಬೆಳಗ್ಗೆ ಎರಡು ಗೆರೆಗಳ ನಡುವೆ. ಮೂರನೆಯ ದಿನ ಕೆಳಗಿನ ಗೆರೆ. ಎಂಟನೆಯ ದಿನ ತುದಿಗೂ ತಾಗಲಿಲ್ಲ. ಆಗ ಟ್ಯಾಂಕಿನ ಎಣ್ಣೆ ಇಳಿಸುವ ನಟ್ಟು ಮುಟ್ಟದೆ ಕ್ರ್ಯಾಂಕಿನ ಕಡೆಯ ನಟ್ಟು ಮಾತ್ರ ಬಿಚ್ಚಿದೆ. ದೊಡ್ಡಮ್ಮ ಅಡುಗೆಮನೆಯಿಂದ ಹೊರಗೆ ಹಾಕಿದ್ದ ಹಳೆಯ ಕುಡ್ತೆಯಲ್ಲಿ (ಅಳೆಯುವ ಸಣ್ಣ ಪಾತ್ರೆ) ಹಿಡಿದರೆ ಮೂರು ತುಂಬಿ ಮತ್ತೂ ಸ್ವಲ್ಪ. ಅಳತೆಯ ಜಾಡಿಗೆ ಹೊಯ್ದಾಗ 700 ಮಿ.ಲೀ. ಕಳ್ಳ ಮನೆಯೊಳಗೇ ಇದ್ದ.

ಇನ್ನು ಬಿಡಿಭಾಗದ ಕಥೆ. ಡಿಸ್ಕ್ ಮತ್ತು ಅದರೊಳಗೆ ಆಡುವ ಪ್ಲಂಜರ್ ಬೇಕೆಂದು ದೂರದ ಅಂಗಡಿಯೊಂದಕ್ಕೆ ಗಾಡಿಯ ವರ್ಷ, ಹಳೆಯದರ ಚಿತ್ರ, ಅಳತೆ ಎಲ್ಲ ಕಳಿಸಿದ್ದೆ. ಹದಿನೇಳು ದಿನ ಕಾದ ಮೇಲೆ ಬಂದದ್ದು ದಪ್ಪ ಪ್ಲಂಜರಿನ ಪಂಪು, ನನ್ನ ಕೇಸಿಗೆ ಹೊಂದುವುದೇ ಇಲ್ಲ. ಕೇಳಿದರೆ "ಬುಲೆಟ್ಟಿಗೆಲ್ಲ ಇದೇ" ಎಂಬ ಉತ್ತರ. ಎಣ್ಣೆಯ ಅಂಗಡಿಯಲ್ಲೂ ಇದೇ ಹಾಡು: 20ಡಬ್ಲ್ಯು-50 ದರ್ಜೆಯದ್ದು ಕೇಳಿದರೆ ಹೊಸ ಎಂಜಿನ್ನುಗಳ 15ಡಬ್ಲ್ಯು-50 ಡಬ್ಬ ಕೈಗಿಟ್ಟು, ಅದೂ ಬುಲೆಟ್ಟಿನದ್ದೇ ಎಂದರು. ಎಷ್ಟು ಬಗೆಯ ಬುಲೆಟ್ಟುಗಳಿವೆ ಎಂದು ಮಾರುವವರಿಗೆ ಗೊತ್ತಿರಬೇಡವೇ? ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತ ಬಂದ ಗಾಡಿ. ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿರುವ ಹಳೆಯವುಗಳಿಗೆ ಸರಿಯಾದ ಭಾಗ ಕೊಡುವುದು ಅವುಗಳನ್ನು ಉಳಿಸುವ ಕೆಲಸ.

ಹೊಸದು ಸಿಗದ ಕಾರಣ ಹಳೆಯ ಡಿಸ್ಕನ್ನೇ ಸರಿಮಾಡಲು ಕೂತೆ. ಪಂಪಿನ ಕವರು, ಸ್ಪ್ರಿಂಗು ತೆಗೆದು ಡಿಸ್ಕನ್ನು ಸೀಮೆ ಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಕಂಡಿತು: ರಂಧ್ರದಿಂದ ಅಂಚಿನವರೆಗೆ ಕೂದಲೆಳೆಯಂಥ ಒಂದು ಗೀರು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು. ಹಳೆಯ ಟೀಪಾಯಿಯ ದಪ್ಪ ಗಾಜಿನ ಮೇಲೆ ನಯವಾದ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ, ಡಿಸ್ಕಿನ ಮುಖವನ್ನು ಕನ್ನಡದ ನಾಲ್ಕರಂತೆ ಸುತ್ತಿಸುತ್ತ ಉಜ್ಜಿದೆ. ಪ್ರತಿ ಸಲ ಮಾರ್ಕರ್ ಪೆನ್ನಿನಿಂದ ಮುಖವಿಡೀ ಬಣ್ಣ ಬಳಿದು ಉಜ್ಜುವುದು. ಬಣ್ಣ ಉಳಿದಲ್ಲಿ ತಗ್ಗು. ಮೊದಲ ಸಂಜೆ ನಡುವೆ ಉಂಗುರದಷ್ಟು ಬಣ್ಣ ಉಳಿಯುತ್ತಿತ್ತು. ಮೂರನೆಯ ಸಂಜೆ ಮುಖವೆಲ್ಲ ಒಂದೇ ಬೂದು ಬಣ್ಣಕ್ಕೆ ಬಂದು, ಗಾಜಿಗೆ ಅಂಟಿಕೊಂಡು ಎತ್ತಲು ಬಾರದಷ್ಟು ನುಣುಪಾಯಿತು. ಆ ಅಂಟು ಬೆರಳಿಗೆ ತಿಳಿದ ಕ್ಷಣವೇ ಗೆದ್ದೆ ಎನಿಸಿತು.

ಕೇಸಿನಲ್ಲಿ ಡಿಸ್ಕು ಕೂರುವ ಪೀಠಕ್ಕೆ ಕೈ ಹಾಕಲು ಮಾತ್ರ ಧೈರ್ಯ ಬೇಕು. ಎಣ್ಣೆಯ ರಂಧ್ರಗಳಿಗೆ ಗ್ರೀಸ್ ತುಂಬಿ ಮುಚ್ಚಿ, ಅದೇ ಡಿಸ್ಕಿನಿಂದ ಸಾಸಿವೆಯಷ್ಟು ಪೇಸ್ಟ್ ಹಾಕಿ ಅತ್ತಿತ್ತ ತಿರುಗಿಸಿದೆ. ಒಂದು ಕಣ ಪೇಸ್ಟ್ ಬಿಗ್ ಎಂಡಿಗೆ ಹೋದರೂ ಎಂಜಿನ್ ಹಾಳು. ತೊಳೆಯಲು ಒಂದಿಡೀ ಬೆಳಗು ಹಿಡಿಯಿತು, ಅದರಲ್ಲಿ ಒಂದು ನಿಮಿಷವೂ ಹೆಚ್ಚಲ್ಲ. ಕವರಿನ ಅಡಿ ದಪ್ಪ ಪ್ಯಾಕಿಂಗ್ ಹಾಕಬೇಡಿ, ಸ್ಪ್ರಿಂಗಿನ ಒತ್ತಡ ಕಡಿಮೆಯಾಗುತ್ತದೆ ಎಂದು ಕುಂಬಳೆಯ ಮೇಸ್ತ್ರಿ ಫೋನಿನಲ್ಲಿ ಮಲಯಾಳದಲ್ಲೇ ಎರಡೆರಡು ಸಲ ಹೇಳಿದ್ದರು. ತೆಳು ಕಾಗದದ್ದನ್ನೇ ಕತ್ತರಿಸಿ ಹಾಕಿದೆ. ಡಿಸ್ಕಿನ ಬದಲು ಪಂಪಿನ ಸ್ಪಿಂಡಲ್ ಕೂರುವ ರಂಧ್ರವೇ ಸವೆದಿದ್ದರೆ ಈ ಉಜ್ಜಾಟದಿಂದ ಪ್ರಯೋಜನವಿಲ್ಲ. ನನ್ನದು ಬಿಗಿಯಾಗಿಯೇ ಇತ್ತು.

ಉಜ್ಜುತ್ತ ಕೂತ ಆ ಸಂಜೆಗಳಲ್ಲಿ ಮನಸ್ಸು ಪೆರ್ಲದ ಮಾವನ ಮನೆಯ ಯೆಜ್ಡಿ ಬೈಕಿನ ಕಡೆಗೇ ಹೋಗುತ್ತಿತ್ತು. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲಿ ತಯಾರಾದ ಸಾಲಿನದು, ಕಿಕ್ಕರನ್ನೇ ಮಡಚಿ ಗೇರು ಹಾಕುವ ಗಾಡಿ! ಅದರದ್ದೂ ಎಣ್ಣೆಯದ್ದೇ ತಕರಾರು: ಗೇರ್‌ಬಾಕ್ಸಿನದು ಕಡಿಮೆಯಾಗುತ್ತದೆ, ನೆಲಕ್ಕೆ ಒಂದು ಹನಿ ಬೀಳುವುದಿಲ್ಲ, ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ. ಕ್ರ್ಯಾಂಕಿನ ಸೀಲು ಹೋಗಿ ಎಂಜಿನ್ ಆ ಎಣ್ಣೆಯನ್ನು ಎಳೆದು ಸುಡುತ್ತಿರಬೇಕು. ಟೂ-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಅದು ಹೆಚ್ಚಾಗಿ ಹೊಗೆ ಬರುತ್ತಿದೆ ಎಂದುಕೊಂಡು ಮಾವ ಬೆರೆಸುವ ಎಣ್ಣೆ ಕಡಿಮೆ ಮಾಡುತ್ತ ಬಂದಿದ್ದಾರೆ. ಪಿಸ್ಟನ್ ಹಿಡಿದುಕೊಳ್ಳುವ ಮೊದಲು ತಡೆಯಬೇಕು.

ಬುಲೆಟ್ ಜೋಡಿಸಿ, ಫೆಲ್ಟ್ ಫಿಲ್ಟರಿನ ಗೂಡಿಗೆ ಎಣ್ಣೆ ತುಂಬಿ, ಚಾಲೂ ಮಾಡಿ ರಾಕರಿನ ಪೈಪಿನ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಎಣ್ಣೆ ಒಸರಿತು. ಓಡಿಸಿ ಬಂದು ಬಿಸಿಯಲ್ಲೇ ಮಟ್ಟ ಸರಿಮಾಡಿ ನಿಲ್ಲಿಸಿದ್ದು ಒಂಬತ್ತು ದಿನಗಳ ಹಿಂದೆ.

ಇವತ್ತು ನೋಡಿದ ಮೇಲೆ ಒಂದು ಹನಿಯನ್ನೂ ಸೇರಿಸಲಿಲ್ಲ. ದೊಡ್ಡಪ್ಪ ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡಿಸುವ ಲಿವರ್) ಹಿಡಿದು, ತಾವೇ ಕಿಕ್ ಹೊಡೆದು, ನೀರ್ಚಾಲಿಗೆ ಹೋಗಿ ಬಂದರು. ಹಿಂದಿನ ಟೈರನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಕೆಂಪು ಮಣ್ಣು ಬಿಟ್ಟರೆ ಏನೂ ಹತ್ತಲಿಲ್ಲ.