ಕಾಗೆ ಸತ್ತರೂ ಭಯ

ಇವತ್ತು ಬೆಳಿಗ್ಗೆ ದಾರಿಯಲ್ಲಿ ಒಂದು ಕಾಗೆ ಸತ್ತು ಬಿದ್ದಿತ್ತು. ಒಂದು ರೆಕ್ಕೆ ಅರ್ಧ ಬಿಚ್ಚಿಕೊಂಡಿತ್ತು, ಕೊಕ್ಕಿನ ತುದಿಗೆ ಇರುವೆ ಮುತ್ತಿದ್ದವು. ಬೇರೆ ದಿನ ಆಗಿದ್ದರೆ ಯಾರೂ ತಿರುಗಿ ನೋಡ್ತಿರಲಿಲ್ಲ. ಇವತ್ತು ನಾಲ್ಕೈದು ಜನ ದೂರದಲ್ಲೇ ನಿಂತಿದ್ದರು. "ಹಕ್ಕಿ ಜ್ವರ ನಮ್ಮಲ್ಲಿಗೂ ಬಂತಾ?"

ಭಯ ಸುಮ್ಮನೆ ಹುಟ್ಟಿದ್ದಲ್ಲ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಅನ್ನೋ ಹಕ್ಕಿ ಜ್ವರದ ವೈರಸ್ ತಗುಲಿದ 18 ಜನರಲ್ಲಿ 6 ಮಂದಿ ಉಳಿಯಲಿಲ್ಲ. ಎಷ್ಟೋ ಕಾಡುಬಾತುಗಳು ಈ ವೈರಸ್ ಹೊತ್ತುಕೊಂಡೂ ಆರಾಮಾಗಿ ಹಾರಾಡ್ತವೆ. ಗಡಿ ಮುಚ್ಚಿ ತಡೀತೀವಿ ಅಂದ್ರೆ ಆಗೋ ಮಾತಲ್ಲ.

ಆದರೆ ನಮ್ಮ ಭಯ ಹೋಗಿ ನಿಲ್ಲೋದು ಊಟದ ತಟ್ಟೆ ಮುಂದೆ. ಒಳಗಿನ ತನಕ 70 ಡಿಗ್ರಿ ಸೆಲ್ಸಿಯಸ್‌ಗೆ ಬೆಂದ ಮಾಂಸದಲ್ಲಿ ವೈರಸ್ ಉಳಿಯಲ್ಲ. ನಿಜವಾದ ಅಪಾಯ ಇರೋದು ಕಾಯಿಲೆ ಬಿದ್ದ ಕೋಳಿಗಳನ್ನ ಕೈಯಲ್ಲಿ ಹಿಡಿಯೋರಿಗೆ, ಗೂಡಿನ ಹಿಕ್ಕೆ ಬಳಿಯೋರಿಗೆ, ರೋಗ ಬಂದ ಮೇಲೆ ಇಡೀ ಫಾರಂ ಕೋಳಿಗಳನ್ನ ಕೊಂದು ಹೂಳೋರಿಗೆ. ಅವರಿಗೆ ಮಾಸ್ಕ್, ಗ್ಲೌಸ್ ಸಿಕ್ಕಿದೆಯಾ ಅಂತ ಕೇಳೋರು ಎಷ್ಟು ಜನ?

ಇನ್ನೊಂದು ವಿಷಯ ನನ್ನನ್ನ ಕಾಡ್ತಿದೆ. ಕೋಳಿಗಳು ಸಾಲಾಗಿ ಸಾಯೋಕೆ ಶುರುವಾದಾಗ ಮೊದಲು ಗೊತ್ತಾಗೋದು ಸಾಕಿದವರಿಗೆ. ಹೇಳಿದ್ರೆ ಎಲ್ಲಾ ಕೊಲ್ತಾರೆ, ಪರಿಹಾರ ಯಾವಾಗ ಬರುತ್ತೋ ಗೊತ್ತಿಲ್ಲ ಅನ್ನೋ ಸ್ಥಿತಿ ಇದ್ದರೆ, ಸಾಲ ಮಾಡಿ ಕೋಳಿ ಸಾಕಿದವರು ಬಾಯಿ ಬಿಡೋದು ಹೇಗೆ? ದುಡ್ಡು ತಡಮಾಡದೆ ಅವರ ಕೈ ಸೇರಬೇಕು. ಸುದ್ದಿ ಬೇಗ ಹೊರಗೆ ಬರೋದು ಆಗಲೇ.