ಭರಮಸಾಗರದ ಹತ್ತಿರ ಜಿಗಿದ ಮುಳ್ಳು

ನನ್ನದು ಹಳೆಯ ಟರ್ಬೊ ಪೆಟ್ರೋಲ್ ಕಾರು. ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಿದ ಮೇಲೆ ಬೂಸ್ಟ್ (ಟರ್ಬೊ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) 15 ಪಿಎಸ್‌ಐ, ಅಂದರೆ ಸುಮಾರು ಒಂದು ಬಾರ್ ಬರಬೇಕು. ಬೆಳಗ್ಗೆ ಮನೆಯಿಂದ ಹೊರಟಾಗ ಗೇಜಿನ ಮುಳ್ಳು ಸರಿಯಾಗಿ ಅಲ್ಲೇ ನಿಲ್ಲುತ್ತಿತ್ತು. ಇಪ್ಪತ್ತು ಕಿಲೋಮೀಟರ್ ಓಡಿತೋ, ಶುರು. 19ಕ್ಕೆ ಜಿಗಿಯುವುದು, 7ಕ್ಕೆ ಬೀಳುವುದು, ಮತ್ತೆ ಏರುವುದು. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿ ಬಿಟ್ಟ ಹಾಗೆ ಕಾರು ಎಳೆಯುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಬಾನೆಟ್ ಕೂಡ ಎತ್ತದೆ "ಟರ್ಬೊ ಹೋಗಿದೆ, ಹೊಸದು ಹಾಕಿಸಿ" ಅಂದರು. ಹೊಟ್ಟೆ ಉರಿಯಿತು. ಹೊಗೆ ಇಲ್ಲ, ಆಯಿಲ್ ಕಡಿಮೆಯಾಗಿಲ್ಲ, ಬೇರೆ ಶಬ್ದ ಇಲ್ಲ. ಅಷ್ಟು ಸುಲಭಕ್ಕೆ ಹೇಳಿಬಿಡುವ ಮಾತೇ ಅದು?

ಪಿ.ಬಿ. ರಸ್ತೆಯ ಕಡೆ ನನಗೆ ಪರಿಚಯದ ಮಿಸ್ತ್ರಿ ಒಬ್ಬರಿದ್ದಾರೆ. ಎಲ್ಲ ಕೇಳಿಸಿಕೊಂಡು, "ಬಿಚ್ಚೋದು ಆಮೇಲೆ ತಮ್ಮಾ. ಮೊದ್ಲು ನಂಬರ್ ನೋಡ್ಕೊಂಡ್ ಬಾ" ಅಂದರು.

ಭಾನುವಾರ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟೆ. ಇಂಜಿನ್ನಿನ ನಂಬರ್ ಓದುವ ಸ್ಕ್ಯಾನರ್ ಸಿಕ್ಕಿಸಿ ಫೋನ್ ಅವನ ಕೈಗೆ ಕೊಟ್ಟಿದ್ದೆ. ಕೀ ಆನ್ ಮಾಡಿದ ಕೂಡಲೇ ಕೇಳಿದ, "ಅಣ್ಣಾ, ಸ್ಟಾರ್ಟೇ ಮಾಡಿಲ್ಲ, ಆಗ್ಲೇ 94 ಅಂತಿದೆ?" ಅದು ನಮ್ಮೂರಿನ ಗಾಳಿಯ ಒತ್ತಡ, ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ. ಸಮುದ್ರ ಮಟ್ಟದಲ್ಲಿ 101 ಇರುತ್ತದೆ. ನಾವು ಸುಮಾರು 600 ಮೀಟರ್ ಮೇಲಿದ್ದೇವೆ, ಅದಕ್ಕೇ ಕಡಿಮೆ. ಗೇಜಿನ ಸೊನ್ನೆ ಅಂದರೆ ಈ 94. ಇದರ ಮೇಲೆ 103 ಸೇರಿದರೆ 15 ಪಿಎಸ್‌ಐ. ಹಾಗಾಗಿ ನನಗೆ ಬೇಕಾಗಿದ್ದ ನಂಬರ್ 197.

ಆನಗೋಡು ದಾಟುವ ತನಕ ಎಲ್ಲ ಚೆನ್ನಾಗಿತ್ತು. ಭರಮಸಾಗರದ ಹತ್ತಿರ ರಸ್ತೆ ಖಾಲಿ ಸಿಕ್ಕಿತು. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. "190... 210... 225!" ಅಂದ ತಮ್ಮ. ಮರುಕ್ಷಣ, "ಥ್ರಾಟಲ್ ಮೂವತ್ತಕ್ಕೆ ಬಂತು ಅಣ್ಣಾ, ಕಾಲು ತೆಗ್ದ್ಯಾ?" ತೆಗೆದಿರಲಿಲ್ಲ. ಪೆಡಲ್ ನೆಲಕ್ಕೆ ಅಂಟಿತ್ತು.

ಅಲ್ಲೇ ಅರ್ಧ ಉತ್ತರ ಸಿಕ್ಕಿತ್ತು. ದೊಡ್ಡ ಪೈಪು ಲೀಕ್ ಇದ್ದಿದ್ದರೆ ಬೂಸ್ಟ್ 15ನ್ನೇ ಮುಟ್ಟುತ್ತಿರಲಿಲ್ಲ. ಇಲ್ಲಿ ಜಾಸ್ತಿ ಆಗುತ್ತಿತ್ತು, 225 ಅಂದರೆ ಗೇಜಿನ 19. ಜಾಸ್ತಿ ಆದಾಗ ಇಸಿಯು, ಅದೇ ಇಂಜಿನ್ ಕಂಪ್ಯೂಟರ್, ಹೆದರಿ ಗಾಳಿ ಒಳಗೆ ಹೋಗುವ ಬಾಗಿಲಾದ ಥ್ರಾಟಲ್ ಮುಚ್ಚುತ್ತಿತ್ತು. ಆ ಇಂಜಿನ್ 19ಕ್ಕೆ ಮಾಡಿದ್ದಲ್ಲ. ನಾಕ್ ಬಂದರೆ, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ, ಪಿಸ್ಟನ್ನಿಗೇ ಕುತ್ತು. ಅಲ್ಲಿಂದಲೇ ನಿಧಾನಕ್ಕೆ ತಿರುಗಿಸಿಕೊಂಡು ಬಂದೆ.

ಹಿಂದಿನ ವಾರ ತಣ್ಣಗಿದ್ದಾಗ ಪರೀಕ್ಷೆ ಮಾಡಿದ್ದೆವು, ಏನೂ ಸಿಕ್ಕಿರಲಿಲ್ಲ. ಈ ಸಲ ಇಂಜಿನ್ ಬಿಸಿ ಇರುವಾಗಲೇ ಮಿಸ್ತ್ರಿ ಕೆಲಸಕ್ಕೆ ಕೂತರು. ಪಿವಿಸಿ ಪೈಪಿನ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿಟ್ಟಿದ್ದರು. ಅದನ್ನು ಟರ್ಬೊ ಗಾಳಿ ಎಳೆಯುವ ಬಾಯಿಗೆ ಕಟ್ಟಿ, ಪಕ್ಕದ ಪಂಕ್ಚರ್ ಅಂಗಡಿಯಿಂದ ಗಾಳಿ ಬಿಟ್ಟರು. 15ರ ಮೇಲೆ ಬಿಡಲಿಲ್ಲ, ಮುಚ್ಚಳ ಹಾರುತ್ತದೆ. ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚುತ್ತಾ ಹೋದರು. ಇಂಟರ್‌ಕೂಲರ್ ಪೈಪಿನ ಕ್ಲಿಪ್ಪುಗಳೆಲ್ಲ ಒಣಗಿದ ಹಾಗೇ ಇದ್ದವು.

ಆಮೇಲೆ ಬ್ರಷ್ ಬೂಸ್ಟ್ ಮಿತಿ ಮೀರದಂತೆ ತೆರೆದುಕೊಳ್ಳುವ ವೇಸ್ಟ್‌ಗೇಟಿನ ಸಣ್ಣ ಪೈಪಿಗೆ ಬಂತು. ಅಲ್ಲಿದ್ದ ಪ್ಲಾಸ್ಟಿಕ್ ಟಿ ಜಾಯಿಂಟಿನ ಕತ್ತಿನಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಎದ್ದವು. "ಕಡ್ಡಿ ನೋಡ್ತಿರು" ಅಂದು ಮಿಸ್ತ್ರಿ ಅದನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. ಅರ್ಧದಲ್ಲೇ ನಿಂತಿದ್ದ ಆಕ್ಚುಯೇಟರ್ ಕಡ್ಡಿ ಸರ್ರನೆ ಪೂರ್ತಿ ಮುಂದಕ್ಕೆ ಬಂತು. ಬೆರಳು ತೆಗೆದರೆ ಹಿಂದಕ್ಕೆ. ನನಗೆ ಮೈ ಜುಮ್ಮೆಂದಿತು.

ಆ ಕಡ್ಡಿ ಬೂಸ್ಟಿನ ಒತ್ತಡದಿಂದಲೇ ಮುಂದೆ ಬಂದು ವೇಸ್ಟ್‌ಗೇಟ್ ತೆರೆಯಬೇಕು, ಟರ್ಬೊ ತಿರುಗಿಸುವ ಇಂಜಿನ್ ಹೊಗೆಯಲ್ಲಿ ಹೆಚ್ಚಾದದ್ದನ್ನು ಟರ್ಬೊ ಪಕ್ಕದಿಂದ ಆಚೆ ಬಿಡಬೇಕು. ಆ ಪೈಪಿನೊಳಗೆ ಗಾಳಿಗಿರುವ ದಾರಿಯೇ ಸೂಜಿಯಷ್ಟು. ಅದರಲ್ಲಿ ಸೀಳು ಬಿಟ್ಟರೆ ಕಡ್ಡಿಗೆ ಮುಟ್ಟುವುದೆಷ್ಟು? ತಣ್ಣಗಿದ್ದಾಗ ಸೀಳು ಮುಚ್ಚಿಕೊಂಡಿರುತ್ತಿತ್ತು, ಬಿಸಿಗೆ ಬಾಯಿ ಬಿಡುತ್ತಿತ್ತು. ರೀಮ್ಯಾಪ್ ಮಾಡಿಸುವಾಗ ದೊಡ್ಡ ಪೈಪುಗಳನ್ನೆಲ್ಲ ಸಿಲಿಕೋನ್‌ಗೆ ಬದಲಾಯಿಸಿದ್ದೆ. ಇದನ್ನು ಮುಟ್ಟಿಯೇ ಇರಲಿಲ್ಲ.

ಹಿತ್ತಾಳೆಯ ಟಿ, ಹೊಸ ಸಣ್ಣ ಪೈಪು, ಮೂರೂ ಕಡೆ ಕ್ಲಿಪ್ಪು. ಹದಿನೈದು ನಿಮಿಷದ ಕೆಲಸ.

ಸಂಜೆ ಮತ್ತೆ ಅದೇ ರಸ್ತೆ. ಈ ಸಲ ತಿರುಗಿಸಲಿಲ್ಲ, ದುರ್ಗದ ಗುಡ್ಡದ ಗಾಳಿಯಂತ್ರಗಳು ಕಾಣುವ ತನಕ ಹೋದೆವು. ಇಂಜಿನ್ ಚೆನ್ನಾಗಿ ಕಾದಿತ್ತು. ಮೂರನೇ ಗೇರು ಹಾಕಿ ಒತ್ತಿದೆ. ತಮ್ಮ ಫೋನಿನಿಂದ ಕಣ್ಣು ತೆಗೆಯದೆ ಓದುತ್ತಿದ್ದ. "196... 197... 197... 197 ಅಣ್ಣಾ."